ಹದಿನೇಳು ಕಂಡ ಮುಖ

"ಇನ್ನೊಂದ್ಸಲ ಹಾಕು," ಎಂದರು ವಿನಿ.

ಡಾರೆಲ್ ತನ್ನ ಫೋನನ್ನು ಅಡುಗೆಕೋಣೆಯ ಸ್ಟೀಲ್ ಮೇಜಿನ ಮೇಲೆ ಜಗ್ಗಿಗೆ ಒರಗಿಸಿಟ್ಟು ಮತ್ತೆ ಒತ್ತಿದ. ಎಲ್ಲರ ತಲೆಯೂ ಬಗ್ಗಿತು. ಇಡಾಲಿಯಾ ಮಾತ್ರ ಬಗ್ಗಲಿಲ್ಲ. ಮೇಜಿನ ಇನ್ನೊಂದು ತುದಿಯಲ್ಲಿ ನೀರುನಾಯಿ ಮರಿಗಳಿಗೆ ಬೊಂಡಾಸ್, ಅಂದರೆ ಸ್ಕ್ವಿಡ್, ಕತ್ತರಿಸುತ್ತಿದ್ದ ಅವಳಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು.

ಅಳಿವೆಯ ಕಂದು ನೀರು. ಕೆಂಪು ಕಯಾಕ್ ದೋಣಿಯೊಂದರ ಮೂತಿ. ಯಾರೋ ಹೆಂಗಸು ನಗುವ ಸದ್ದು. ನೀರಿನೊಳಗಿಂದ ಒದ್ದೆ ತಲೆಯೊಂದು ಎದ್ದಿತು, ಎರಡು ಪುಟ್ಟ ಕೈ ದೋಣಿಯ ಅಂಚು ಹಿಡಿದವು, ಕಡಲ ನೀರುನಾಯಿಯೊಂದು ತನ್ನದೇ ಮನೆಯ ಮೆಟ್ಟಿಲು ಹತ್ತುವ ಹಾಗೆ ಹತ್ತಿ ಕುಳಿತುಕೊಂಡಿತು. ಹಿಂಗಾಲಿನಲ್ಲಿ ಹಳದಿ ಬಿಲ್ಲೆ ಇತ್ತು. ಅದರ ಮೇಲಿನ ಸಂಖ್ಯೆ ಓದಲು ಬರುತ್ತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಬಲಗಿವಿಯ ತುದಿ ಇಲ್ಲದ್ದು ಈ ಅಳಿವೆಯಲ್ಲಿ ಅದೊಂದೇ.

"ಹದಿನೇಳು," ಎಂದ ಡಾರೆಲ್. "ಈ ವಾರದಲ್ಲಿ ಇದು ಮೂರನೇ ದೋಣಿ. ಎರಡು ಲಕ್ಷ ಜನ ನೋಡಿದಾರೆ. ಕೆಳಗೆ ಎಲ್ಲ 'ಮುದ್ದು, ಮುದ್ದು' ಅಂತ ಬರೆದವರೇ."

"ಮುದ್ದಂತೆ." ವಿನಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಅರವತ್ತು ದಾಟಿದ ಹೆಂಗಸು. ತಾಯಿ ಕಳೆದುಕೊಂಡ ನೀರುನಾಯಿ ಮರಿಗಳನ್ನು ಸಾಕಿ ಕಡಲಿಗೆ ಬಿಡುವ ಈ ಕೇಂದ್ರವನ್ನು ಇಪ್ಪತ್ತಾರು ವರ್ಷದಿಂದ ನಡೆಸುತ್ತಿರುವವರು. "ವನ್ಯಜೀವಿ ಇಲಾಖೆಯವರು ಬೆಳಿಗ್ಗೆ ಫೋನ್ ಮಾಡಿದ್ರು. ಅದು ಯಾರನ್ನಾದ್ರೂ ಕಚ್ಚೋ ಮೊದ್ಲು ಹಿಡೀಬೇಕಂತೆ. ಸೋಮವಾರ ಬಲೆ ತಗೊಂಡು ಹೋಗ್ತೀವಿ."

"ಆಮೇಲೆ?"

"ಆಮೇಲೆ ಗಾಜಿನ ತೊಟ್ಟಿ. ಎಲ್ಲೋ ಕಡಲೇ ಇಲ್ಲದ ಊರಲ್ಲಿ. ಮಕ್ಕಳು ಗಾಜು ಕುಟ್ತಾರೆ, ಇದು ಚಪ್ಪಾಳೆ ಹೊಡಿಯುತ್ತೆ. ಇನ್ನೊಂದು ಹದಿನೈದು ವರ್ಷ." ಅವರು ಕನ್ನಡಕ ಹಾಕಿಕೊಂಡರು. "ಮನುಷ್ಯನ ಹತ್ರ ಹೋದ್ರೆ ಊಟ ಸಿಗುತ್ತೆ ಅಂತ ಅದಕ್ಕೆ ಗೊತ್ತಾಗಿದೆ. ಹುಟ್ಟಿದಾಗಿಂದ ಗೊತ್ತಾಗಿರೋದಲ್ಲ. ನಿಮ್ಮಲ್ಲಿ ಯಾರೋ ಅದಕ್ಕೆ ಮುಖ ತೋರಿಸಿದ್ದೀರಿ."

ಎಲ್ಲರೂ ಒಬ್ಬೊಬ್ಬರಾಗಿ ಇಡಾಲಿಯಾಳ ಕಡೆ ತಿರುಗಿದರು. ಮೊದಲ ಏಳು ವಾರ ಹದಿನೇಳಕ್ಕೆ ಬೆಳಗಿನ ಬಾಟಲಿ ಕುಡಿಸಿದವಳು ಅವಳು.

"ನಾನು ಬೈಯಲ್ಲ, ಇಡಾಲಿಯಾ," ಎಂದರು ವಿನಿ. "ಹೇಳ್ಬಿಡು ಅಷ್ಟೇ."

ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರೆ ಇಡಾಲಿಯಾಳ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹದಿನಾರಕ್ಕೆ ಅವಳು ಶಾಲೆ ಬಿಟ್ಟದ್ದು ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಮೀನಿನ ಶೆಡ್ಡಿನಿಂದ ಅವಳನ್ನು ವಿನಿ ಆರಿಸಿ ತಂದದ್ದೂ ಇದೇ ಕಾರಣಕ್ಕೆ. ಮರಿಗಳ ಹತ್ತಿರ ಸುಮ್ಮನಿರುವ ಹುಡುಗಿ ಅವರಿಗೆ ಬೇಕಿತ್ತು. ಈಗ ಅದೇ ಸುಮ್ಮನಿರುವಿಕೆ ತಪ್ಪೊಪ್ಪಿಗೆಯಂತೆ ಮೇಜಿನ ಮೇಲೆ ಬಿದ್ದಿತ್ತು. ಅವಳ ಕಿವಿ ಬಿಸಿಯಾಯಿತು. ಅವಳು ಚಾಕು ಕೆಳಗಿಟ್ಟಳು. ಹೆದರಿಕೆಯೆಂದು ಅವರು ಅಂದುಕೊಂಡರು.

ಅವಳ ಕಣ್ಣು ಫೋನಿನ ಮೇಲಿತ್ತು. ನಿಂತುಹೋದ ಚಿತ್ರದಲ್ಲಿ ಹದಿನೇಳು ನಗುವ ಹೆಂಗಸಿನ ಕಡೆ ನೋಡುತ್ತಿರಲಿಲ್ಲ. ಅವಳನ್ನು ದಾಟಿ ದೋಣಿಯ ಹಿಂದಿನ ಸೀಟಿನ ಕಡೆ, ಹುಟ್ಟು ಹಾಕುವವನು ಕೂರುವ ಕಡೆ ನೋಡುತ್ತಿತ್ತು. ಅದರ ಮೀಸೆಗೆ ಏನೋ ನೇರಳೆ ಬಣ್ಣದ್ದು ಅಂಟಿತ್ತು. ಇಡಾಲಿಯಾ ತನ್ನ ಮುಂದಿನ ಹಲಗೆ ನೋಡಿದಳು. ಅದರ ಮೇಲೂ ಅದೇ ನೇರಳೆ ಸಿಪ್ಪೆ ಇತ್ತು.

ಅಳಿವೆಯಲ್ಲಿ ಏಡಿ ಇದೆ, ಕಪ್ಪೆಚಿಪ್ಪು ಇದೆ. ಬೊಂಡಾಸ್ ಇಲ್ಲ.

*

ಹೋದ ವರ್ಷ ಮಾರ್ಚಿನ ಬಿರುಗಾಳಿಯ ಮರುದಿನ ಹದಿನೇಳು ಮರಳಿನ ಮೇಲೆ ಸಿಕ್ಕಿತ್ತು. ಒಂದು ಬ್ರೆಡ್ಡಿನಷ್ಟು ಉದ್ದ, ಎರಡು ವಾರದ ಮರಿ. ಗಲ್ ಎಂಬ ಕಡಲಹಕ್ಕಿ ಕಿವಿಯ ತುದಿ ಕಿತ್ತಿತ್ತು. ಅದರ ಕೂಗನ್ನೇ ದಾಖಲಿಸಿಕೊಂಡು ಡಾರೆಲ್ ದಿನವಿಡೀ ದೋಣಿಯಲ್ಲಿ ಕಡಲ ಪಾಚಿಯ ನಡುವೆ ಅದನ್ನು ಕೇಳಿಸುತ್ತ ಸುತ್ತಿದ. ಯಾವ ತಾಯಿಯೂ ತಲೆ ಎತ್ತಲಿಲ್ಲ. ಸಂಜೆ ಅದಕ್ಕೊಂದು ಸಂಖ್ಯೆ ಕೊಟ್ಟರು. ಕೇಂದ್ರದಲ್ಲಿ ಹೆಸರಿಡುವಂತಿಲ್ಲ. ಹೆಸರಿಟ್ಟರೆ ಕರೆಯಬೇಕು ಅನ್ನಿಸುತ್ತದೆ. ಕರೆದರೆ ಮರಿ ತಿರುಗಿ ನೋಡುತ್ತದೆ.

ಬೆಳಿಗ್ಗೆ ಐದಕ್ಕೆ ಇಡಾಲಿಯಾ ಬರುತ್ತಿದ್ದಳು. ಮರಿ ಮನುಷ್ಯರಿಗೆ ಒಗ್ಗಬಾರದೆಂದು ಕಪ್ಪು ನಿಲುವಂಗಿ ತೊಟ್ಟು, ಕಪ್ಪು ಕೈಗವಸು ಹಾಕಿ, ಮೊಳೆಯಲ್ಲಿ ತೂಗಿದ ವೆಲ್ಡಿಂಗ್ ಮುಖವಾಡವನ್ನು ತಲೆಗೆ ಇಳಿಸಿಕೊಂಡರೆ ಅವಳಿಗೆ ಮೈಯೂ ಇಲ್ಲ, ಮುಖವೂ ಇಲ್ಲ. ಒಳಗೆ ತನ್ನ ಉಸಿರು ತನಗೇ ಬಿಸಿಯಾಗಿ ತಾಗುತ್ತಿತ್ತು. ಹಾಲಿಗೆ ಅರೆದ ಕಪ್ಪೆಚಿಪ್ಪು ಬೆರೆಸಿದ ಬಾಟಲಿಯನ್ನು ಮರಿ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿತ್ತು. ಕುಡಿದಾದ ಮೇಲೆ ಟವೆಲಿನಿಂದ ಒರೆಸಬೇಕು, ಬಾಚಬೇಕು, ರೋಮದ ನಡುವೆ ಗಾಳಿ ತುಂಬುವ ತನಕ ಮತ್ತೆ ಬಾಚಬೇಕು. ಗಾಳಿ ನಿಲ್ಲದಿದ್ದರೆ ತಣ್ಣೀರು ಚರ್ಮ ಮುಟ್ಟಿ ಮರಿ ಸತ್ತೇಹೋಗುತ್ತದೆ. ಏಳು ವಾರ ಅವಳು ಹೀಗೆ ಮಾಡಿದಳು. ಒಂದು ಶಬ್ದ ಆಡಲಿಲ್ಲ. ಒಮ್ಮೆ ಸೀನು ಬಂದಾಗ ಮೂಗು ಹಿಡಿದುಕೊಂಡು ಹೊರಗೋಡಿದ್ದಳು.

ಎಂಟನೇ ವಾರ ಅದನ್ನು ಸಾಕುತಾಯಿಯಾಗಿದ್ದ ಮುದಿ ನೀರುನಾಯಿಯ ಕೊಳಕ್ಕೆ ಬಿಟ್ಟರು. ಶಾರ್ಕ್ ಕಚ್ಚಿ ಒಂದು ಕಾಲು ಕೆಟ್ಟಿದ್ದ ಆ ಸಾಕುತಾಯಿ ಮರಿಯನ್ನು ಎದೆಯ ಮೇಲೆ ಹಾಕಿಕೊಂಡಿತು. ಏಡಿಯ ಕೊಂಬು ಮುರಿಯುವುದನ್ನೂ, ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದನ್ನೂ, ಎದೆಯ ಮೇಲೆ ಕಲ್ಲಿಟ್ಟು ಚಿಪ್ಪು ಕುಟ್ಟುವುದನ್ನೂ ಕಲಿಸಿತು. ಬೇಲಿಯ ಸಂದಿನಿಂದ ಇಡಾಲಿಯಾ ಆ ಟಕ್ ಟಕ್ ಕೇಳುತ್ತ ನಿಲ್ಲುತ್ತಿದ್ದಳು. ನವೆಂಬರಿನಲ್ಲಿ ಅಳಿವೆಗೆ ಬಿಟ್ಟಾಗ ಅದು ಹಿಂತಿರುಗಿಯೂ ನೋಡದೆ ಹೋಯಿತು. ಎಲ್ಲರೂ ಸದ್ದಿಲ್ಲದೆ ಮುಷ್ಟಿ ಮುಷ್ಟಿ ತಾಗಿಸಿಕೊಂಡರು. ಹಿಂತಿರುಗಿ ನೋಡದ ಮರಿಯೇ ಗೆದ್ದ ಮರಿ.

ಈಗ ಆ ಏಳು ವಾರ, ಆ ಉಸಿರು ಕಟ್ಟುವ ಮುಖವಾಡ, ಎಲ್ಲವನ್ನೂ ವಿನಿ ಒಂದು ಮಾತಿನಲ್ಲಿ ಅವಳ ಮುಖಕ್ಕೆ ಎಸೆದಿದ್ದರು.

*

ಪ್ರವಾಸಿಗರನ್ನು ಅಳಿವೆಯಲ್ಲಿ ಕಯಾಕ್ ಸುತ್ತಿಸುವ ಅಣ್ಣ ಎಫ್ರೇನ್ ಮನೆಯ ಹಿಂದೆ ನಲ್ಲಿಯಡಿ ಲೈಫ್ ಜಾಕೆಟ್ ತೊಳೆಯುತ್ತಿದ್ದ. ಬೇಲಿಯಾಚೆ ಆರ್ಟಿಚೋಕ್ ತರಕಾರಿಯ ಹೊಲ, ಅದರಾಚೆ ವಿದ್ಯುತ್ ಸ್ಥಾವರದ ಎರಡು ಚಿಮಣಿ. ಅಮ್ಮ ಪ್ಯಾಕಿಂಗ್ ಶೆಡ್ಡಿನಿಂದ ಇನ್ನೂ ಬಂದಿರಲಿಲ್ಲ.

"ಏನೇ ಕಡ್ಡಿ, ಇವತ್ತು ಬೇಗ? ನಿನ್ನ ನಾಯಿಗಳಿಗೆ ರಜೆನಾ?"

ಇಡಾಲಿಯಾ ಅವನ ಪಿಕಪ್ಪಿನ ಹಿಂಭಾಗಕ್ಕೆ ಹೋಗಿ ಐಸ್ ಪೆಟ್ಟಿಗೆ ತೆರೆದಳು. ಪ್ರವಾಸಿಗರಿಗಿಟ್ಟ ನೀರಿನ ಬಾಟಲಿಗಳ ಕೆಳಗೆ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವಿತ್ತು. ಆ ಗಂಟು ಅವಳದೇ. ಮರಿಗಳಿಗೆ ಬೊಂಡಾಸಿನ ಮೈ ಮಾತ್ರ ಹಾಕುತ್ತಾರೆ. ತಲೆ, ಕಾಲು ಬಕೆಟ್ಟಿಗೆ. ಬಕೆಟ್ಟಿನದನ್ನು ಬೇಕಾದವರು ಮನೆಗೆ ಒಯ್ಯಬಹುದು. ಎರಡು ವರ್ಷದಿಂದ ಅವಳು ವಾರಕ್ಕೆರಡು ಸಲ ಒಯ್ಯುತ್ತಿದ್ದಳು, ಅಮ್ಮ ಮೆಣಸಿನಕಾಯಿ ಹಾಕಿ ಸಾರು ಮಾಡುತ್ತಿದ್ದಳು. ಈಚೆಗೆ "ಬೊಂಡಾಸ್ ಕಮ್ಮಿ ತರ್ತಿದ್ದೀಯ" ಎಂದು ಅಮ್ಮ ಎರಡು ಸಲ ಅಂದಿದ್ದಳು.

"ಇದೇನು?"

"ಗಾಳಕ್ಕೆ."

"ನೀನು ಗಾಳ ಹಾಕಿ ಎರಡು ವರ್ಷ ಆಯ್ತು."

ಎಫ್ರೇನ್ ನಲ್ಲಿ ನಿಲ್ಲಿಸಿದ. ಅವನು ಒಳ್ಳೆಯವನು. ಅವಳು ಶಾಲೆ ಬಿಟ್ಟ ದಿನ ಅಮ್ಮನ ಎದುರು ಅಡ್ಡ ನಿಂತವನು ಅವನೇ. ಅದು ನೆನಪಾಗಿ ಅವಳ ಸಿಟ್ಟು ಇನ್ನೂ ಹೆಚ್ಚಿತು.

"ಒಂದ್ಸಲ ಕೊಟ್ಟೆ ಕಣೇ. ಅದಾಗೇ ಬಂದು ದೋಣಿ ಪಕ್ಕ ಅಂಗಾತ ಮಲಗ್ತು. ಹೊಟ್ಟೆ ಮೇಲೆ ಕೈ ಇಟ್ಕೊಂಡು. ನೀನು ನೋಡ್ಬೇಕಿತ್ತು."

"ನಾನು ನೋಡಿಲ್ವಾ?"

ಅವನು ತಲೆ ಕೆರೆದುಕೊಂಡ. "ಆಮೇಲೆ ಜನ ಕೇಳ್ಕೊಂಡು ಬರೋಕೆ ಶುರು ಮಾಡಿದ್ರು. ನೀರುನಾಯಿ ದೋಣಿ ಹತ್ತುತ್ತಲ್ಲ, ಆ ಎಫ್ರೇನ್ ಯಾರು ಅಂತ. ನನ್ನ ಹೆಸರು ಹಿಡ್ಕೊಂಡು ಬರ್ತಾರೆ. ಈ ಊರಲ್ಲಿ ನಮ್ಮ ಹೆಸರು ಹಿಡ್ಕೊಂಡು ಯಾವತ್ತಾದ್ರೂ ಯಾರಾದ್ರೂ ಬಂದಿದ್ರಾ?"

"ಸೋಮವಾರ ಅದನ್ನ ಹಿಡೀತಾರೆ. ತೊಟ್ಟಿಗೆ ಹಾಕ್ತಾರೆ. ಸಾಯೋ ತನಕ."

ಅವನ ಮುಖದ ನಗು ಅರ್ಧಕ್ಕೆ ನಿಂತಿತು. ಆಮೇಲೆ ಅವನು ಜಾಕೆಟ್ಟನ್ನು ಜೋರಾಗಿ ಕೊಡವಿದ. "ಅಲ್ಲಿ ಊಟ ಹಾಕ್ತಾರಲ್ಲ. ಶಾರ್ಕ್ ಇಲ್ಲ, ಚಳಿ ಇಲ್ಲ. ನನ್ನ ಮೇಲ್ಯಾಕೆ ಕಣ್ಣು ಬಿಡ್ತೀಯ? ನೀವು ಮುಖವಾಡ ಹಾಕ್ಕೊಂಡು ಬಾಟ್ಲಿ ಕೊಟ್ರೆ ಸೇವೆ, ನಾನು ಮುಖ ತೋರಿಸಿ ಒಂದು ತುಂಡು ಕೊಟ್ರೆ ಪಾಪ. ಕಡೇ ಪಕ್ಷ ನಾನ್ಯಾರು ಅಂತ ಅದಕ್ಕೆ ಗೊತ್ತು. ನೀನ್ಯಾರು ಅಂತ ಗೊತ್ತಾ?"

ಅವಳು ಪೆಟ್ಟಿಗೆಯ ಮುಚ್ಚಳವನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಅದರ ಕೀಲು ಮುರಿಯಿತು.

*

ಶನಿವಾರ ಅವಳು ವಿನಿಯ ಕೋಣೆಯ ಬಾಗಿಲಲ್ಲಿ ನಿಂತಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಮಾತು ಅಲ್ಲಿ ಒಂದೇ ಶಬ್ದವಾಯಿತು.

"ಹೆದರಿಸಿದ್ರೆ?"

ವಿನಿ ಕಾಗದಗಳಿಂದ ತಲೆ ಎತ್ತಿದರು. "ಅದಕ್ಕೂ ಅನುಮತಿ ಬೇಕು. ಅರ್ಜಿ ಹಾಕಿದೀನಿ. ಮೂರು ವಾರ ಆಗುತ್ತೆ ಅಂದ್ರು. ಹಿಡಿಯೋಕೆ ಅನುಮತಿ ಮಾತ್ರ ಒಂದೇ ದಿನದಲ್ಲಿ ಬಂತು." ಅವರ ದನಿಯಲ್ಲೂ ಸಿಟ್ಟಿತ್ತು. ಆದರೆ ಅದು ತುಂಬಾ ಸಲ ಒಗೆದ ಬಟ್ಟೆಯ ಹಾಗೆ ಬಣ್ಣ ಬಿಟ್ಟಿತ್ತು. "ಅನುಮತಿ ಇಲ್ದೆ ಯಾರಾದ್ರೂ ಹೋಗಿ ಅದನ್ನ ಕೆಣಕಿದ್ರೆ ನಾನು ಅವರನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ಮತ್ತೆ ಜನ್ಮದಲ್ಲಿ ಒಂದು ಮರಿ ಮುಟ್ಟೋ ಹಾಗಿಲ್ಲ. ಗೊತ್ತಲ್ಲ?"

ಇಡಾಲಿಯಾ ತಲೆಯಾಡಿಸಿದಳು.

"ಸೋಮವಾರ ದೋಣಿ ಕಳಿಸಿ ನೋಡ್ತೀವಿ. ದೋಣಿ ಹತ್ತಿದ್ರೆ ಬಲೆ. ಹತ್ತದೇ ಇದ್ರೆ ಹಿಡಿಯೋಕೆ ಕಾರಣ ಇಲ್ಲ." ವಿನಿ ಪೆನ್ನಿನ ಮುಚ್ಚಳ ಹಾಕಿದರು. "ಹತ್ತುತ್ತೆ. ನೀನು ಮುಖ ತೋರಿಸಿದ್ರೆ ಹೇಳ್ಬಿಡು, ಇಡಾಲಿಯಾ. ಬರ್ಕೊಂಡು ಮುಂದಕ್ಕೆ ಹೋಗೋಣ."

"ತೋರಿಸ್ಲಿಲ್ಲ."

ಹೊರಗೆ ಬಂದು ಅವಳು ಮೊಳೆಯಲ್ಲಿ ತೂಗಿದ ಮುಖವಾಡದ ಎದುರು ನಿಂತಳು. ಕರಿ ಗಾಜಿನಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ತೋರಿಸಲಿಲ್ಲ ನಿಜ. ಯಾರೂ ತೋರಿಸಲಿಲ್ಲ. ಹಾಗಾಗಿ ಮನುಷ್ಯನ ಮುಖ ಅಂದರೆ ಏನೆಂದು ಅದಕ್ಕೆ ಗೊತ್ತೇ ಇರಲಿಲ್ಲ. ಹೆದರಬೇಕು ಅನ್ನುವುದನ್ನೂ ಯಾರೂ ಕಲಿಸಿರಲಿಲ್ಲ. ಇಷ್ಟೆಲ್ಲ ಓದಿದವರು, ಇಪ್ಪತ್ತಾರು ವರ್ಷ, ಎಲ್ಲ ಕಲಿಸಿ ಇದೊಂದನ್ನು ಖಾಲಿ ಬಿಟ್ಟಿದ್ದರು. ಆ ಖಾಲಿಯಲ್ಲಿ ಮೊದಲು ಬಂದು ಕೂತದ್ದು ಎಫ್ರೇನನ ಮುಖ. ಅವನ ಕೈಯಲ್ಲಿ ಅವಳೇ ತಂದ ಬೊಂಡಾಸ್.

*

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಅಣ್ಣನ ಹೊದಿಕೆ ಎಳೆದಳು.

"ಏಳು. ಕೆಂಪು ದೋಣಿ ತಗೊಂಡು ಬಾ."

"ತಲೆ ಕೆಟ್ಟಿದ್ಯಾ?"

"ಅದಕ್ಕೆ ಗೊತ್ತಿರೋದು ನಿನ್ನ ಮುಖ. ನೀನೇ ಬರ್ಬೇಕು."

ಅವಳ ದನಿಯಲ್ಲಿ ಏನಿತ್ತೋ, ಅವನು ಎದ್ದು ಬೂಟು ಹುಡುಕಿದ.

ಮೊದಲ ಪ್ರವಾಸಿಗರು ಬರಲು ಇನ್ನೂ ಎರಡು ಗಂಟೆ ಇತ್ತು. ಅಳಿವೆಯ ನೀರು ಅಲುಗದೆ ಮಲಗಿತ್ತು. ಇಡಾಲಿಯಾ ಮುಂದೆ ಕೂತಳು, ಎಫ್ರೇನ್ ಹಿಂದೆ. ಸೇತುವೆ ದಾಟಿ ಎರಡನೇ ತಿರುವಿಗೆ ಬರುವಷ್ಟರಲ್ಲಿ ಹುಲ್ಲಿನ ಅಂಚಿನಿಂದ ತಲೆಯೊಂದು ಎದ್ದು, ನೀರು ಸೀಳುತ್ತ ನೇರ ಬಂತು. ಹತ್ತಿರ ಬಂದಂತೆ ಅದರ ತುದಿಯಿಲ್ಲದ ಕಿವಿ ಕಂಡಿತು. ಹತ್ತು ತಿಂಗಳಾಗಿತ್ತು ಅವಳು ಅದನ್ನು ಇಷ್ಟು ಹತ್ತಿರದಿಂದ ನೋಡಿ. ಮರಿಯ ನಯವಾದ ರೋಮ ಉದುರಿ ದಪ್ಪ ಕಂದು ರೋಮ ಬಂದಿತ್ತು. ಆ ಮರಿಯನ್ನು ಬಾಚಿದ್ದು ತಾನೇ ಎಂದು ಅವಳ ಕೈಗೆ ಮಾತ್ರ ಗೊತ್ತಿತ್ತು.

ಹದಿನೇಳು ಅವಳತ್ತ ನೋಡಲೂ ಇಲ್ಲ. ದೋಣಿಯ ಅಂಚು ಹಿಡಿದು, ಅವಳ ಮೊಣಕಾಲ ಪಕ್ಕದಲ್ಲೇ ಹತ್ತಿ, ಎಫ್ರೇನನ ಕಡೆ ಮುಖ ಮಾಡಿ ಕೈ ಜೋಡಿಸಿತು.

"ಹೊಡಿ," ಎಂದಳು ಅವಳು.

"ಏನು?"

"ನೀರಿಗೆ ಹೊಡಿ. ಹುಟ್ಟಿಂದ. ಕೂಗು."

ಎಫ್ರೇನ್ ಹುಟ್ಟು ಎತ್ತಿದ, ಮತ್ತೆ ಇಳಿಸಿದ. "ನೋಡೇ, ಹೆಂಗೆ ಕೂತಿದೆ. ನನ್ನ ಕೈಲಾಗಲ್ಲ." ಅವನು ನಕ್ಕ, ಸಂಕೋಚದ ನಗು. "ಹುಶ್," ಎಂದ, ಕೋಳಿ ಓಡಿಸುವ ಹಾಗೆ.

ಹದಿನೇಳು ತಲೆ ವಾಲಿಸಿತು.

ಇಡಾಲಿಯಾ ಅದರ ಎದುರಿಗೆ ಬಗ್ಗಿದಳು. ಟೋಪಿ ಕಿತ್ತು ಎಸೆದಳು. ಕೂದಲು ಹಿಂದಕ್ಕೆ ತಳ್ಳಿ ಮುಖ ಪೂರ್ತಿ ತೋರಿಸಿದಳು. ಬಾಯಿ ತೆರೆದಾಗ ಮೊದಲು ಗಾಳಿಯೇ ಹೊರಗೆ ಬಂತು. ಆಮೇಲೆ ದನಿ.

"ಹೋಗು."

ಅದು ಕದಲಲಿಲ್ಲ.

"ಹೋಗು ಅಂದೆ. ನಿನಗೆ ಇಲ್ಲಿ ಏನೂ ಇಲ್ಲ. ಇವನು ನಿನ್ನೋನಲ್ಲ. ಯಾರೂ ನಿನ್ನೋರಲ್ಲ." ದನಿ ಒಡೆದು, ಮತ್ತೆ ಕೂಡಿಕೊಂಡು, ದೊಡ್ಡದಾಯಿತು. "ನಗ್ತಾರೆ, ಫೋಟೋ ತಗೋತಾರೆ, ಆಮೇಲೆ ನಿನ್ನ ಗಾಜಿನೊಳಗೆ ಹಾಕ್ತಾರೆ. ಆಮೇಲೆ ನನ್ನ ಕೇಳ್ತಾರೆ, ನೀನೇನು ಮಾಡ್ದೆ ಅಂತ. ನಾನೇನು ಮಾಡ್ದೆ? ಉಸಿರು ಬಿಡ್ಲಿಲ್ಲ. ಸೀನ್ಲಿಲ್ಲ. ನಾನಿದ್ದೀನಿ ಅಂತಲೇ ತೋರಿಸ್ಲಿಲ್ಲ ನಿನಗೆ."

ಅವಳು ತನ್ನ ಹುಟ್ಟಿನ ಹಲಗೆಯನ್ನು ನೀರಿಗೆ ಚಪ್ಪಟೆಯಾಗಿ ಬಡಿದಳು. ಗುಂಡು ಹಾರಿದಂತೆ ಸದ್ದಾಯಿತು. ದಡದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಹದಿನೇಳು ನೀರಿಗೆ ಜಾರಿತು. ಒಂದು ಮಾರು ದೂರದಲ್ಲಿ ಎದ್ದು, ಮೈ ಕೊಡವಿ, ಮತ್ತೆ ಬಂದು ಅಂಚು ಹಿಡಿಯಿತು.

ಅವಳು ಅದರ ಬೆರಳಿನ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿದಳು. ಅದು ಬಿಟ್ಟಿತು. ಮೂರನೇ ಸಲ ಅದು ಬಂದದ್ದು ಎಫ್ರೇನನ ಪಕ್ಕಕ್ಕೆ.

"ನೀನು ಮಾಡು," ಎಂದು ಅವಳು ತಿರುಗಿ ಕಿರುಚಿದಳು. "ನೀನು ಕೊಟ್ಟಿದ್ದು ನೀನೇ ವಾಪಸ್ ತಗೋ."

ಅವನ ಮುಖ ಬಿಳಿಚಿತ್ತು. ಕಣ್ಣು ಮುಚ್ಚಿಕೊಂಡು ಅವನು ಹುಟ್ಟಿನ ತುದಿಯನ್ನು ಅದರ ಎದೆಗೆ ಒತ್ತಿ ಜೋರಾಗಿ ತಳ್ಳಿದ. ಹದಿನೇಳು ಹಿಮ್ಮುಖವಾಗಿ ಬಿದ್ದು ಕೂಗಿಕೊಂಡಿತು. ಅದು ದೊಡ್ಡ ಪ್ರಾಣಿಯ ಕೂಗಲ್ಲ. ಮರಳಿನ ಮೇಲೆ ಸಿಕ್ಕ ದಿನ ಕೂಗಿದ್ದ ಅದೇ ಕೂಗು, ತಾಯಿಗಾಗಿ ಕಡಲಿಗೆಲ್ಲ ಕೇಳಿಸಿದ್ದ ಅದೇ ಕೂಗು.

ಇಡಾಲಿಯಾಳ ಮೈಯೆಲ್ಲ ಆ ಕಡೆಗೆ ವಾಲಿತು. ಆದರೆ ಅವಳು ಹುಟ್ಟು ಎತ್ತಿ ನೀರಿಗೆ ಬಡಿದಳು. ಮತ್ತೆ ಬಡಿದಳು. ಮಾತು ಮುಗಿದು ಬರೀ ಕಿರುಚು ಉಳಿಯಿತು. ಅದು ಹುಲ್ಲಿನ ಕಡೆಗೆ ಹೋಗುತ್ತಿದ್ದರೂ ದೋಣಿಯನ್ನು ಅದರ ಹಿಂದೆಯೇ ಓಡಿಸಿದಳು. ಅದು ಮುಳುಗಿ, ಎದ್ದು, ಅವಳ ಮುಖವನ್ನು ನೇರ ನೋಡಿ, ಮತ್ತೆ ಮುಳುಗಿತು. ಬಹಳ ಹೊತ್ತು ಏಳಲಿಲ್ಲ.

ಎಫ್ರೇನ್ ತೊಡೆಯ ಮೇಲೆ ಹುಟ್ಟು ಇಟ್ಟುಕೊಂಡು ಅಳುತ್ತಿದ್ದ. "ಸಾಕು ಕಣೇ," ಎಂದ. "ಸಾಕು."

"ಸಾಲದು," ಎಂದಳು. ದನಿ ಅಷ್ಟರಲ್ಲೇ ಕೂತುಹೋಗಿತ್ತು. "ಪ್ರವಾಸಿಗರು ಬರೋ ತನಕ ಇಲ್ಲೇ ಇರ್ತೀವಿ. ಅದು ಮತ್ತೆ ಬಂದ್ರೆ ಮತ್ತೆ."

ಅದು ಮತ್ತೆರಡು ಸಲ ಬಂತು.

*

ಸೋಮವಾರ ಅಳಿವೆಯ ಮೇಲೆ ಮಂಜು ದಪ್ಪಗೆ ಕೂತಿತ್ತು. ಬಲೆಯ ದೋಣಿ ದಂಡೆಯಲ್ಲಿ ಸಿದ್ಧವಾಗಿತ್ತು. ನೀರು ತುಂಬಿದ ಪೆಟ್ಟಿಗೆಯನ್ನು ಲಾರಿಯಿಂದ ಇಳಿಸಿದ್ದರು. ಇಡಾಲಿಯಾ ಐಸಿನ ಬಕೆಟ್ ಹಿಡಿದು ವಿನಿಯ ಪಕ್ಕ ನಿಂತಿದ್ದಳು. ಪ್ರವಾಸಿಗನ ಹಾಗೆ ಒಂದು ಹೂವಿನ ಅಂಗಿ ತೊಟ್ಟು ಡಾರೆಲ್ ಕಯಾಕಿನಲ್ಲಿ ಕೂತಿದ್ದ.

"ಸಿಳ್ಳೆ ಹಾಕ್ಲಾ?" ಎಂದು ಕೇಳಿದ.

"ಹೋಗೋ ಸುಮ್ನೆ," ಎಂದರು ವಿನಿ.

ಮಂಜಿನೊಳಗಿಂದ ಟಕ್ ಟಕ್ ಟಕ್ ಎಂದು ಕಲ್ಲಿಗೆ ಚಿಪ್ಪು ಕುಟ್ಟುವ ಸದ್ದು ಬರುತ್ತಿತ್ತು. ಕೊರಳಿಗೆ ರೇಡಿಯೋ ತೂಗಿಸಿಕೊಂಡು ಹದಿನೇಳರ ಸಂಕೇತ ಹುಡುಕುತ್ತಿದ್ದ ಹುಡುಗ ಅದೇ ದಿಕ್ಕಿಗೆ ಬೆರಳು ತೋರಿಸಿದ. ಡಾರೆಲ್‌ನ ದೋಣಿ ಆ ಕಡೆ ಸಾಗಿ ಮಂಜಿನಲ್ಲಿ ಕರಗಿತು. ಹುಟ್ಟಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಟಕ್ ಟಕ್ ನಿಂತಿತು.

ಕಾಲು ಗಂಟೆಯ ಮೇಲೆ ಡಾರೆಲ್ ಹಿಂತಿರುಗಿದ. "ಹತ್ತು ಮಾರು ದೂರದಲ್ಲಿತ್ತು," ಎಂದ. "ನನ್ನ ಮುಖ ನೋಡಿದ್ದೇ ತಡ, ಇಲ್ಲ. ಮೂರು ಸಲ ಹಿಂದೆ ಹೋದೆ. ದೆವ್ವ ಕಂಡ ಹಾಗೆ ಹೋಗುತ್ತೆ."

"ನಿನ್ನ ಅಂಗಿ ನೋಡಿರ್ಬೇಕು," ಎಂದರು ಯಾರೋ.

ವಿನಿ ನೀರಿನ ಕಡೆಯಿಂದ ಪಕ್ಕಕ್ಕೆ ತಿರುಗದೆ ಕೇಳಿದರು.

"ನೀನು ಏನಾದ್ರೂ ಹೇಳ್ಬೇಕಾ, ಇಡಾಲಿಯಾ?"

ಇಡಾಲಿಯಾ ಬಾಯಿ ತೆರೆದಳು. "ಇಲ್ಲ," ಎಂದಳು. ಮರಳು ಕಾಗದ ಉಜ್ಜಿದಂತಿತ್ತು ದನಿ.

ವಿನಿ ತಿರುಗಿ ಅವಳ ಗಂಟಲನ್ನು ನೋಡಿದರು. ಅಂಗೈಯ ಬೊಬ್ಬೆಗಳನ್ನು ನೋಡಿದರು. ಅವಳು ಬಕೆಟ್ ಕೆಳಗಿಡಲಿಲ್ಲ, ಕೈ ಮುಚ್ಚಿಕೊಳ್ಳಲೂ ಇಲ್ಲ. ಮೊದಲ ಬಾರಿಗೆ ಅವಳೂ ನೇರ ನೋಡಿದಳು. ಕಣ್ಣು ಕೆಳಗಿಳಿಸಿದ್ದು ವಿನಿ.

"ಪೆಟ್ಟಿಗೆ ಲಾರಿಗೆ ಏರಿಸಿ," ಎಂದರು ಅವರು, ಯಾರಿಗೋ.

ನೀರು ತುಂಬಿದ ಪೆಟ್ಟಿಗೆ ಭಾರವಾಗಿತ್ತು. ಹುಡುಗರು ಅದನ್ನು ವಾಲಿಸಿ ನೀರನ್ನು ದಂಡೆಯ ಮೇಲೆ ಚೆಲ್ಲಿದರು. ಅದು ಇಡಾಲಿಯಾಳ ಬೂಟಿನ ಸುತ್ತ ಹರಿದು ಅಳಿವೆಗೆ ಇಳಿಯಿತು. ಅವಳು ಐಸನ್ನೂ ಸುರಿದಳು. ಮಂಜು ಹಾಗೇ ಇತ್ತು. ಲಾರಿಯ ಇಂಜಿನ್ ಶುರುವಾಗಿ, ರಸ್ತೆ ಹಿಡಿದು, ದೂರವಾದ ಮೇಲೆ, ಮೊದಲಿಗಿಂತ ತುಂಬಾ ಆಚೆಯಿಂದ, ಹುಲ್ಲಿನ ಆ ಬದಿಯಿಂದ, ಟಕ್ ಟಕ್ ಮತ್ತೆ ಕೇಳಿಸಿತು.